ಪಾಲು, ಹಾಲು, ಆಲು

ನಾನು ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮೊದಲ ಹತ್ತು ವರ್ಷ ಪಾಠಕ್ಕಿಂತ ಜಾಸ್ತಿ ನಾನು ಮಾಡಿದ್ದು ಮಕ್ಕಳ ಬಾಯಿ ತಿದ್ದುವ ಕೆಲಸ. ‘ಆಲು ಅಲ್ಲ ಕಣೋ, ಹಾಲು.’ ‘ಓಗು ಅಲ್ಲಮ್ಮ, ಹೋಗು.’ ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ ಲೆಕ್ಕವಿಲ್ಲ.

ಒಂದು ದಿನ ಎಂಟನೇ ಕ್ಲಾಸಿನ ಒಬ್ಬ ಹುಡುಗಿಗೆ ಗಟ್ಟಿಯಾಗಿ ಓದಲು ಹೇಳಿದೆ. ಪಾಠದಲ್ಲಿ ಆಕಾಶದಲ್ಲಿ ಹಕ್ಕಿ ಹಾರುವ ಮಾತು ಬರುತ್ತಿತ್ತು. ಅವಳು ಎದ್ದು ನಿಂತು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ‘ಹಾಕಾಶದಲ್ಲಿ ಅಕ್ಕಿ ಹಾರುತ್ತಿತ್ತು’ ಎಂದಳು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಅವಳು ಕೂತುಬಿಟ್ಟಳು. ಆ ವರ್ಷ ಮತ್ತೆ ಅವಳು ಗಟ್ಟಿಯಾಗಿ ಓದಲಿಲ್ಲ. ಹೆಸರು ಕರೆದರೆ ತಲೆ ತಗ್ಗಿಸುತ್ತಿದ್ದಳು.

ಅವತ್ತು ಸಂಜೆ ಮನೆಗೆ ಬಂದು ಮತ್ತೆ ಪೇಟೆ ಕಡೆ ಹೊರಟೆ. ಅವ್ವ ಒಲೆ ಮುಂದೆ ಇದ್ದಳು. ‘ಆಲ್ ಕಾಯ್ಸಿವ್ನಿ, ಕುಡ್ದು ಓಗು ಮಗಾ’ ಎಂದಳು. ಲೋಟ ಕೈಗೆ ತಗೊಂಡೆ. ಅವ್ವನ ಮಾತನ್ನು ತಿದ್ದಬೇಕು ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಅವಳು ತಪ್ಪು ಮಾತಾಡುತ್ತಾಳೆ ಅಂತಲೂ ಅನ್ನಿಸಿರಲಿಲ್ಲ. ಹಾಗಾದರೆ ಬೆಳಿಗ್ಗೆ ಆ ಹುಡುಗಿ ಮಾಡಿದ್ದೇನು?

ಅದೇ ವಾರ ಹತ್ತನೇ ಕ್ಲಾಸಿಗೆ ಹಳಗನ್ನಡ ಪದ್ಯದ ಪಾಠ. ಬೋರ್ಡಿನ ಮೇಲೆ ಪದಗಳ ಅರ್ಥ ಬರೆಯುತ್ತಿದ್ದೆ. ಪಾಲ್ ಅಂದರೆ ಹಾಲು, ಪೆಸರ್ ಅಂದರೆ ಹೆಸರು, ಪೊಸ ಅಂದರೆ ಹೊಸ. ಪ್ರತಿ ವರ್ಷ ಬರೆಯುವ ಸಾಲುಗಳೇ. ಆ ಸಲ ಮಾತ್ರ ಕೈಯಲ್ಲಿದ್ದ ಸೀಮೆಸುಣ್ಣ ಅಲ್ಲೇ ನಿಂತಿತು. ಪಾಲ್, ಹಾಲು. ಅದರ ಮುಂದೆ ಇನ್ನೊಂದು ಗೆರೆ ಎಳೆದು ‘ಆಲು’ ಅಂತ ಬರೆದರೆ ಏನಾಗುತ್ತೆ? ಬರೆಯಲಿಲ್ಲ. ಮನೆಗೆ ಹೋಗುವಾಗ ಅಂಗಡಿಯಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಕೊಂಡುಕೊಂಡೆ.

ಆ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಐದು ಕಾಲಂ ಎಳೆದೆ. ಹಳಗನ್ನಡ, ಈಗಿನ ಕನ್ನಡ, ತಮಿಳು, ತೆಲುಗು, ತುಳು. ತುಳುವಿಗೆ ನಮ್ಮ ಸ್ಕೂಲಿನಲ್ಲೇ ಪುತ್ತೂರಿನ ಕಡೆಯ ಒಬ್ಬ ವಿಜ್ಞಾನದ ಟೀಚರ್ ಇದ್ದರು. ತೆಲುಗಿಗೆ ಮುಳಬಾಗಿಲಿನ ನಮ್ಮ ಭಾವ. ತಮಿಳಿಗೆ ಬಸ್ ಸ್ಟ್ಯಾಂಡ್ ಹತ್ತಿರ ಇಸ್ತ್ರಿ ಅಂಗಡಿ ಇಟ್ಟಿದ್ದ ಒಬ್ಬರು ಹಿರಿಯರು. ಬಟ್ಟೆ ಕೊಡೋಕೆ ಹೋದಾಗಲೆಲ್ಲ ನಾಲ್ಕು ಪದ ಕೇಳಿಕೊಂಡು ಬರುತ್ತಿದ್ದೆ. ಅನುಮಾನ ಬಂದಾಗ 1894ರ ಕಿಟ್ಟೆಲ್ ನಿಘಂಟು. ಅದರಲ್ಲಿ ಪಕ್ಕದ ಭಾಷೆಗಳ ರೂಪಗಳನ್ನೂ ಕೊಟ್ಟಿರುವುದರಿಂದ ನನ್ನ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು.

ಒಂದು ತಿಂಗಳಲ್ಲಿ ಎರಡು ಪುಟ ತುಂಬಿತು. ಹುಲಿಗೆ ಹಳಗನ್ನಡದಲ್ಲಿ ಪುಲಿ, ತಮಿಳಿನಲ್ಲಿ ಪುಲಿ, ತೆಲುಗಿನಲ್ಲಿ ಪುಲಿ, ತುಳುವಿನಲ್ಲಿ ಪಿಲಿ. ಮಂಗಳೂರಿನ ಪಿಲಿವೇಷ ನೋಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಹತ್ತಕ್ಕೆ ತಮಿಳಿನಲ್ಲಿ ಪತ್ತು, ತೆಲುಗಿನಲ್ಲಿ ಪದಿ, ತುಳುವಿನಲ್ಲಿ ಪತ್ತ್. ಹಂದಿಗೆ ತಮಿಳಿನಲ್ಲಿ ಪನ್ಱಿ, ತೆಲುಗಿನಲ್ಲಿ ಪಂದಿ, ತುಳುವಿನಲ್ಲಿ ಪಂಜಿ. ಹಾವಿಗೆ ಪಾಂಬು, ಪಾಮು. ಹಲ್ಲು, ಹುಲ್ಲು, ಹೂವು, ಹೆಣ್ಣು, ಹಗಲು, ಎಲ್ಲಿ ಹೋದರೂ ನಮ್ಮ ‘ಹ’ಕ್ಕೆ ಅವರ ‘ಪ’. ನಾಲ್ಕು ಮನೆಯಲ್ಲಿ ಮೂರು ಮನೆ ಹಳೆಯ ಸಾಮಾನು ಇಟ್ಟುಕೊಂಡಿವೆ, ನಾವು ಬದಲಾಯಿಸಿದ್ದೇವೆ. 941ರಲ್ಲಿ ಬರೆದ ಪಂಪನಲ್ಲಿ ಪುಲಿ, ಪೆಸರ್, ಪೊಸ ಎಂದೇ ಇದೆ. ಹತ್ತನೇ ಶತಮಾನದ ಹೊತ್ತಿಗೆ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ‘ಹ’ ಇಣುಕುತ್ತದೆ. ವಚನಗಳಿಗೆ ಬರುವಷ್ಟರಲ್ಲಿ ‘ಹ’ ಮನೆಯವನಾಗಿಬಿಟ್ಟಿದ್ದಾನೆ. ನಮ್ಮ ಜಿಲ್ಲೆಯ ದೊರೆಗಳ ಹೆಸರೇ ಶಾಸನಗಳಲ್ಲಿ ಮೊದಲು ಪೊಯ್ಸಳ. ಆಮೇಲೆ ಹೊಯ್ಸಳ.

ಶುರುವಿನಲ್ಲಿ ಒಂದು ತಪ್ಪು ಮಾಡಿದೆ. ಕಣ್ಣಿಗೆ ಬಿದ್ದ ‘ಪ’ ಪದಗಳನ್ನೆಲ್ಲ ಪಟ್ಟಿಗೆ ಸೇರಿಸಿದೆ. ಪಾದ, ಪತ್ರ, ಪದ್ಯ. ಇವು ಯಾಕೆ ‘ಹ’ ಆಗಲಿಲ್ಲ ಅಂತ ತಲೆ ಕೆಡಿಸಿಕೊಂಡೆ. ಬೇರೆ ಭಾಷೆಯಿಂದ ಬಂದ ಪದಗಳನ್ನು ಬೇರೆ ಪುಟಕ್ಕೆ ಹಾಕಿದ ಮೇಲೆ ಗೊತ್ತಾಯಿತು. ಬದಲಾವಣೆ ನಡೆಯುವ ಕಾಲಕ್ಕೆ ಊರಲ್ಲಿ ಇದ್ದ ಪದಗಳು ಮಾತ್ರ ಬದಲಾಗುತ್ತವೆ. ಆಮೇಲೆ ಬಂದವು, ಓದಿದವರ ಬಾಯಲ್ಲಿ ಮೂಲದಂತೆಯೇ ಉಳಿದವು ತಪ್ಪಿಸಿಕೊಳ್ಳುತ್ತವೆ. ಪರ್ವ ಬಹಳ ಹಿಂದೆಯೇ ಬಂದು ಪಬ್ಬ ಆಗಿತ್ತು, ಅದು ಹಬ್ಬವಾಯಿತು. ಪುಸ್ತಕ ಅನ್ನುವ ಪದ ಎರಡು ಸಲ ಬಂದಿದೆ. ಮೊದಲು ಬಂದದ್ದು ಸವೆದು ಹೊತ್ತಗೆ ಆಯಿತು. ಇನ್ನೊಂದು ಪುಸ್ತಕವಾಗಿಯೇ ಉಳಿಯಿತು. ನಾವು ಎರಡನ್ನೂ ಬಳಸುತ್ತೇವೆ, ಅಣ್ಣತಮ್ಮ ಅಂತ ಗೊತ್ತಿಲ್ಲದೆ.

ಎಲ್ಲವೂ ಹೀಗೆ ಸಲೀಸಾಗಿ ಕೂತಿತು ಅಂತಲ್ಲ. ‘ಅವನ ಪಾಡಿಗೆ ಅವನಿರಲಿ’ ಅನ್ನುವಾಗಿನ ಪಾಡು ಹಾಗೇ ಉಳಿದಿದೆ. ಅಂಥ ಪದಗಳಿಗೆ ನೋಟ್‌ಬುಕ್ಕಿನ ಕೊನೆಯಲ್ಲಿ ಒಂದು ಪುಟ ಬಿಟ್ಟಿದ್ದೇನೆ. ಆ ಪುಟ ಇನ್ನೂ ಖಾಲಿಯಾಗಿಲ್ಲ.

ಬದಲಾವಣೆ ಹೇಗೆ ಆಗುತ್ತದೆ ಅನ್ನುವುದನ್ನು ನಿಮ್ಮ ಬಾಯಲ್ಲೇ ನೋಡಬಹುದು. ‘ಪಾ’ ಎನ್ನಿ. ಎರಡೂ ತುಟಿ ಪೂರ್ತಿ ಮುಚ್ಚಿ, ಹಿಂದೆ ಗಾಳಿ ಕೂಡಿ, ಫಟ್ಟನೆ ಬಿಡುತ್ತದೆ. ಈಗ ತುಟಿಗಳನ್ನು ಪೂರ್ತಿ ಮುಚ್ಚಬೇಡಿ, ಕೂದಲೆಳೆಯಷ್ಟು ಸಂದು ಬಿಡಿ. ಬಿಸಿ ಕಾಫಿ ಊದಿದ ಹಾಗೆ ಕೇಳಿಸುತ್ತದೆ. ಆ ತುಟಿಯನ್ನೂ ಸಡಿಲ ಬಿಡಿ. ಉಳಿಯುವುದು ‘ಹಾ’. ಗಂಟಲಿನ ಆ ಉಸಿರನ್ನೂ ಬಿಟ್ಟರೆ ‘ಆ’. ಪಾಲು, ಹಾಲು, ಆಲು. ಮೊದಲ ಹೆಜ್ಜೆಯನ್ನು ಕನ್ನಡ ಇಟ್ಟು ಸುಮಾರು ಸಾವಿರ ವರ್ಷವಾಯಿತು. ಮುಂದಿನ ಹೆಜ್ಜೆಯನ್ನು ಅವ್ವ, ಆ ಹುಡುಗಿ, ಹಾಸನವನ್ನು ‘ಆಸ್ನ’ ಅನ್ನುವ ನಮ್ಮ ಸುತ್ತಲಿನ ಊರುಗಳು ಇಟ್ಟಿವೆ.

ಇದು ನಮ್ಮೂರಲ್ಲಿ ಮಾತ್ರ ನಡೆದದ್ದಲ್ಲ. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ ‘ಫಾರಿನಾ’. ಅದರಿಂದ ಹುಟ್ಟಿದ ಸ್ಪ್ಯಾನಿಷಿನಲ್ಲಿ ಅದು ‘ಹರಿನಾ’ ಆಯಿತು. ಈಗಲೂ ಹ ಸೇರಿಸಿಯೇ ಬರೆಯುತ್ತಾರೆ, ಆದರೆ ಓದುವುದು ‘ಅರಿನಾ’. ಅಲ್ಲಿ ಶಾಲೆಯಲ್ಲಿ ಕಲಿಸುವ ಶುದ್ಧ ಉಚ್ಚಾರವೇ ಅದು. ಅಲ್ಲಿನ ಮೇಷ್ಟ್ರು ‘ಹ’ ಹೇಳಿದ ಹುಡುಗನನ್ನು ತಿದ್ದುತ್ತಾರೆ.

ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಮಗ್ಗಿ. ಪಕ್ಕದ ಕೋಣೆಯಲ್ಲಿ ಮಕ್ಕಳು ಹತ್ತರ ಮಗ್ಗಿ ಹೇಳುತ್ತಿದ್ದರು. ಹತ್ತೊಂದ್ಲ ಹತ್ತು, ಹತ್ತೆರಡ್ಲ ಇಪ್ಪತ್ತು, ಹತ್ತ್ ಮೂರ್ಲ ಮೂವತ್ತು. ನಾನು ಪೇಪರ್ ತಿದ್ದುತ್ತ ಕೂತಿದ್ದವನು ಪೆನ್ ಕೆಳಗಿಟ್ಟೆ. ಹತ್ತು ಅನ್ನುವುದು ಪತ್ತು ಆಗಿತ್ತು ತಾನೆ? ಹಾಗಾದರೆ ಇಪ್ಪತ್ತರ ಒಳಗಡೆ ಕೂತಿರುವುದು ಆ ಹಳೆಯ ಪತ್ತು!

ಪೂರ್ತಿ ಬರೆದು ನೋಡಿದೆ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು, ತೊಂಬತ್ತು. ಒಂದೇ ಪತ್ತು. ಮಾತಿನ ಮೊದಲಲ್ಲಿ ಒಂಟಿಯಾಗಿ ನಿಂತರೆ ‘ಹ’. ಇರ್ ಮತ್ತು ಪತ್ತು ಸೇರಿದಾಗ ‘ರ್’ ತಾನು ಕರಗಿ ‘ಪ’ವನ್ನು ಇಮ್ಮಡಿ ಮಾಡಿತು, ಇಪ್ಪತ್ತು. ಒತ್ತಿ ಹಿಡಿದ ಆ ‘ಪ್ಪ’ ಸಡಿಲವಾಗಲಿಲ್ಲ, ಹಾಗೇ ಉಳಿಯಿತು. ಎಪ್ಪತ್ತರಲ್ಲೂ ಹಾಗೆ, ಅಲ್ಲಿ ಕರಗಿದ್ದು ಏಳರ ಹಳೆಯ ‘ೞ್’, ಈಗಿನ ಕನ್ನಡದಲ್ಲಿ ಇಲ್ಲದ ಅಕ್ಷರ. ಮೂವತ್ತು, ಐವತ್ತುಗಳಲ್ಲಿ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡು ಮೆತ್ತಗಾಗಿ ‘ವ’. ಎಂಬತ್ತು, ತೊಂಬತ್ತುಗಳಲ್ಲಿ ಹಿಂದೆ ಮೂಗಿನ ಅಕ್ಷರ ಇದೆ. ಅದರ ಗುಂಗು ‘ಪ’ಕ್ಕೂ ಹತ್ತಿ ‘ಬ’. ಒಂದೇ ಅಕ್ಷರ, ಅಕ್ಕಪಕ್ಕ ಯಾರಿದ್ದಾರೆ ಅನ್ನುವುದರ ಮೇಲೆ ನಾಲ್ಕು ವೇಷ. ಎರಡನೇ ಕ್ಲಾಸಿನ ಮಗುವಿಗೂ ಬಾಯಿಪಾಠ ಬರುವ ಸಾಲಿನಲ್ಲಿ ಇಷ್ಟೆಲ್ಲ ಇದೆ, ನನಗೆ ಅಷ್ಟು ವರ್ಷ ಕಂಡಿರಲಿಲ್ಲ.

ಇದನ್ನು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನಿನಲ್ಲಿ ಹೇಳಿದೆ. ಬೆಂಗಳೂರಿನ ಕಂಪನಿಯಲ್ಲಿ ಕೆಲಸ, ಕೆಲಸಕ್ಕಾಗಿಯೇ ಜಪಾನಿ ಕಲಿಯುತ್ತಿದ್ದ. ಅವನು ಒಂದು ಗಳಿಗೆ ಸುಮ್ಮನಿದ್ದು, ‘ಸಾರ್, ಪೆನ್ಸಿಲ್ ಎಣಿಸೋದು ಹೇಳ್ತೀನಿ ಕೇಳಿ’ ಎಂದ. ಪೆನ್ಸಿಲಿನಂಥ ಉದ್ದನೆಯ ವಸ್ತುಗಳನ್ನು ಎಣಿಸುವಾಗ ಜಪಾನಿಯಲ್ಲಿ ಒಂದಕ್ಕೆ ಇಪ್ಪೊನ್, ಎರಡಕ್ಕೆ ನಿಹೋನ್, ಮೂರಕ್ಕೆ ಸಂಬೊನ್. ಇಮ್ಮಡಿಯಾದರೆ ‘ಪ್ಪ’, ಒಂಟಿಯಾದರೆ ‘ಹ’, ಮೂಗಿನ ಅಕ್ಷರದ ಪಕ್ಕ ‘ಬ’. ಈಗ ‘ಹ’ ಇರುವ ಕಡೆ ಹಳೆಯ ಜಪಾನಿಯಲ್ಲೂ ‘ಪ’ ಇತ್ತು. ನಮಗೂ ಅವರಿಗೂ ನೆಂಟಸ್ತಿಕೆ ಇಲ್ಲ. ಆದರೆ ತುಟಿ ಎರಡು, ಮೂಗು ಒಂದು, ಎಲ್ಲರಿಗೂ ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಲ್ಲಿಂದ ಮುಂದೆ ಪದಗಳ ಒಳಗೆ ನೋಡುವುದು ಅಭ್ಯಾಸವಾಯಿತು. ಕಂಬನಿ ಅಂದರೆ ಕಣ್ ಮತ್ತು ಪನಿ. ಹೊರಗೆ ಇದ್ದ ಪನಿ ಹನಿಯಾಯಿತು. ಕಣ್ಣಿನ ಜೊತೆ ಸೇರಿದ್ದು ಮೂಗಿನ ಅಕ್ಷರದ ಪಕ್ಕ ಕೂತು ಬನಿ ಆಯಿತು. ರಸ್ತೆ ಬದಿಯ ಬೋರ್ಡಿನಲ್ಲಿ ‘ಹೆದ್ದಾರಿ’ ಅಂತ ಓದುವಾಗ, ಹಿರಿಯ ದಾರಿ ಹೆದ್ದಾರಿ ಯಾಕಾಯಿತು, ಹಿದ್ದಾರಿ ಯಾಕಾಗಲಿಲ್ಲ ಅಂತ ಯೋಚನೆ ಬಂತು. ಉತ್ತರ ತಮಿಳಿನ ಕಾಲಂನಲ್ಲಿತ್ತು. ಅಲ್ಲಿ ಹಿರಿಯ ಅನ್ನುವುದಕ್ಕೆ ಪೆರಿಯ. ಅಂದರೆ ಮೊದಲಿಗೆ ಇದ್ದದ್ದು ‘ಎ’. ಮುಂದೆ ಬರುವ ‘ಇ’ಗೆ ನಾಲಿಗೆ ಮೊದಲೇ ಮೇಲೆದ್ದು ಈ ‘ಎ’ಯನ್ನೂ ‘ಇ’ ಮಾಡಿಬಿಟ್ಟಿತು, ಪಿರಿಯ, ಹಿರಿಯ. ಹೆದ್ದಾರಿ, ಹೆಮ್ಮರ, ಹೆಜ್ಜೇನುಗಳಲ್ಲಿ ಮುಂದೆ ಆ ‘ಇ’ ಇಲ್ಲ, ಎಳೆಯುವವರಿಲ್ಲ, ಹಳೆಯ ‘ಎ’ ಕ್ಷೇಮವಾಗಿದೆ. ಬೆಳಕು ಮತ್ತು ಬಿಳಿ ಕೂಡ ಹೀಗೇ. ತಮಿಳಿನ ಪೊಡಿ ನಮ್ಮಲ್ಲಿ ಪುಡಿ ಆಗಿರುವುದೂ ಇದೇ ಎಳೆತದಿಂದ.

ತಮಿಳಿನವರ ಕಡೆ ಇನ್ನೊಂದು ಬದಲಾವಣೆ ಆಗಿದೆ, ಅದು ನಮ್ಮನ್ನು ಮುಟ್ಟಿಲ್ಲ. ನಮ್ಮ ಕಿವಿ ಅವರಿಗೆ ಸೆವಿ, ತೆಲುಗರಿಗೆ ಚೆವಿ. ‘ಇ’, ‘ಎ’ ಮುಂದಿದ್ದರೆ ನಾಲಿಗೆ ಮುಂದಕ್ಕೆ ಜಾರಿ ‘ಕ’ ಅನ್ನುವುದು ‘ಚ’ ಕಡೆ ಹೋಗುತ್ತದೆ. ಇಸ್ತ್ರಿ ಅಂಗಡಿಯ ಹಿರಿಯರಿಗೆ ಇದನ್ನು ಹೇಳಿದೆ. ಅವರು ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, ‘ಹಾಗಾದರೆ ನಾವು ಕಿಳಿ ಅಂತೀವಲ್ಲ, ಸಿಳಿ ಯಾಕೆ ಅನ್ನಲ್ಲ?’ ಎಂದು ಕೇಳಿದರು. ಗಿಳಿಯ ಮಾತು. ಒಳ್ಳೆಯ ಪ್ರಶ್ನೆ. ಕೆಡು ಅನ್ನುವುದೂ ತಮಿಳಿನಲ್ಲಿ ಕೆಡು ಆಗಿಯೇ ಇದೆ. ತೆಲುಗಿನಲ್ಲಿ ಮಾತ್ರ ಚಿಲುಕ, ಚೆಡು. ತಮಿಳಿನಲ್ಲಿ ಮುಂದೆ ‘ಳ’ ಅಥವಾ ‘ಡ’ ಇದ್ದರೆ, ಅದಕ್ಕೆ ನಾಲಿಗೆ ಹಿಂದಕ್ಕೆ ಮಡಚಿಕೊಳ್ಳಬೇಕು, ಅದು ಮುಂದಕ್ಕೆ ಜಾರುವುದನ್ನು ತಡೆದಿದೆ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಅವರು ಕೇಳಿದ್ದು, ಪುಸ್ತಕದಲ್ಲಿ ಬರೆಯುವಂಥ ಪ್ರಶ್ನೆ.

ಇನ್ನು ಅವ್ವನ ಮಾತಿನ ವಿಷಯ. ಫೋನಿನಲ್ಲಿ ರೆಕಾರ್ಡ್ ಮಾಡೋಣ ಅಂತ ಹೊರಟೆ. ಅವಳನ್ನು ಕೂರಿಸಿ, ಫೋನ್ ಮುಂದಿಟ್ಟು, ‘ಇದಕ್ಕೆ ಏನಂತೀಯವ್ವಾ?’ ಎಂದು ಹಾಲಿನ ಪಾತ್ರೆ ತೋರಿಸಿದೆ. ಅವ್ವ ಸೆರಗು ಸರಿ ಮಾಡಿಕೊಂಡು, ರೇಡಿಯೋದವರ ಹಾಗೆ, ‘ಹಾಲು’ ಎಂದಳು! ‘ಹ’ ಅಚ್ಚುಕಟ್ಟಾಗಿ ಬಂತು. ಕೇಳುತ್ತಿದ್ದಾರೆ ಅಂತ ಗೊತ್ತಾದರೆ ಯಾರೂ ತಮ್ಮ ಮಾತು ಆಡುವುದಿಲ್ಲ. ಇದನ್ನು ಮಾಡಹೊರಡುವವರು ಮೊದಲೇ ತಿಳಿದುಕೊಳ್ಳಬೇಕಾದದ್ದು ಇದು. ಪದ ಕೇಳಬೇಡಿ, ಕೆಲಸ ಕೇಳಿ. ಎರಡನೇ ಸಲ ನಾನು ಹುರುಳಿ ಸಾರು ಮಾಡುವುದು ಹೇಗೆ ಅಂತ ಕೇಳಿದೆ. ರೆಕಾರ್ಡ್ ಮಾಡುತ್ತೇನೆ ಅಂತ ಹೇಳಿಯೇ ಕೇಳಿದೆ, ಆದರೆ ಎರಡು ನಿಮಿಷಕ್ಕೆ ಅವಳಿಗೆ ಫೋನ್ ಮರೆತುಹೋಯಿತು. ‘ಉಳ್ಳಿಕಾಳ ವಸಿ ಉರ್ಕಂಡು, ಆಮೇಲೆ ಬೇಯಕ್ಕೆ ಆಕ್ಬೇಕು. ಸುಮ್ನೆ ಆಕುದ್ರೆ ರುಚಿ ಬರಕಿಲ್ಲ.’

ಆ ‘ಉಳ್ಳಿ’ಯನ್ನು ನಾನು ಎಷ್ಟು ಸಲ ಕೇಳಿದೆನೋ. ಹುರುಳಿ. ನಡುವಿನ ‘ಉ’ ಬಿದ್ದು ಹುರ್ಳಿ. ‘ರ್’ ಪಕ್ಕದ ‘ಳ’ದಲ್ಲಿ ಕರಗಿ ಹುಳ್ಳಿ. ಮೊದಲಿನ ‘ಹ’ ಬಿದ್ದು ಉಳ್ಳಿ. ಒಂದು ಮುಷ್ಟಿ ಕಾಳಿನಲ್ಲಿ ಮೂರು ನಿಯಮ.

ಲ್ಯಾಪ್‌ಟಾಪಿನಲ್ಲಿ ‘ಪ್ರಾಟ್’ ಅಂತ ಒಂದು ಸಾಫ್ಟ್‌ವೇರ್ ಹಾಕಿಕೊಂಡೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಇಬ್ಬರು ಮಾಡಿರುವುದು, ಪುಕ್ಕಟೆ ಸಿಗುತ್ತದೆ. ಧ್ವನಿಯನ್ನು ಚಿತ್ರ ಮಾಡಿ ತೋರಿಸುತ್ತದೆ. ನಾನು ‘ಪಾಲು’ ಎಂದಾಗ ಮೊದಲು ಒಂದು ಖಾಲಿ ಜಾಗ, ಅದು ತುಟಿ ಮುಚ್ಚಿದ್ದ ಹೊತ್ತು. ಆಮೇಲೆ ಸೂಜಿಯಂಥ ಒಂದು ಗೆರೆ, ತುಟಿ ಬಿಟ್ಟ ಕ್ಷಣ. ಅದರ ಹಿಂದೆಯೇ ‘ಆ’ದ ದಟ್ಟ ಪಟ್ಟೆಗಳು. ‘ಹಾಲು’ ಎಂದಾಗ ಖಾಲಿ ಜಾಗವೂ ಇಲ್ಲ, ಸೂಜಿಗೆರೆಯೂ ಇಲ್ಲ, ಪಟ್ಟೆಗಳ ಮುಂದೆ ಮಸುಕಾದ ಮಂಜು ಮಾತ್ರ. ಅವ್ವನ ‘ಆಲು’ವಿನಲ್ಲಿ ಮಂಜೂ ಇಲ್ಲ, ಸೀದಾ ಪಟ್ಟೆ. ಆದರೆ ಎಲ್ಲ ಕಡೆ ಹಾಗಿರಲಿಲ್ಲ. ಕೆಲವು ಕಡೆ ತೆಳುವಾಗಿ, ಇದೆಯೋ ಇಲ್ಲವೋ ಅನ್ನುವ ಹಾಗೆ ಮಂಜು ಕಾಣುತ್ತಿತ್ತು. ನಾಯಿಯನ್ನು ಗದರಿದ ಕಡೆ ‘ಹೋಗ್ ಅತ್ಲಾಗೆ’ ಎಂಬಲ್ಲಿ ‘ಹ’ ಪೂರ್ತಿ ಇತ್ತು. ಅಂದರೆ ‘ಹ’ ಒಂದೇ ದಿನ ಮನೆ ಬಿಟ್ಟು ಹೋಗುವುದಿಲ್ಲ. ಒಬ್ಬಳೇ ಹೆಂಗಸಿನ ಬಾಯಲ್ಲಿ, ಒಂದೇ ಸಂಜೆ, ಹೋಗುತ್ತ ಬರುತ್ತ ಇರುತ್ತದೆ. ಸಾವಿರ ವರ್ಷದ ಹಿಂದೆ ‘ಪ’ ಹೋದದ್ದೂ ಹೀಗೇ ಇದ್ದಿರಬೇಕು. ಒಂದೇ ಮನೆಯಲ್ಲಿ ಅಜ್ಜಿ ‘ಪಾಲು’ ಎಂದರೆ ಮೊಮ್ಮಗ ‘ಹಾಲು’ ಎಂದಿರಬೇಕು. ಯಾರಾದರೊಬ್ಬ ಮೇಷ್ಟ್ರು ಆ ಮೊಮ್ಮಗನನ್ನು ತಿದ್ದಿರಲೂಬಹುದು.

ರೆಕಾರ್ಡಿನಲ್ಲಿ ಇನ್ನೊಂದು ಪದ ಸಿಕ್ಕಿತು, ‘ಬತ್ತೀನಿ’. ಬರುತ್ತೇನೆ, ಬರ್ತೀನಿ, ಬತ್ತೀನಿ. ಕ್ಲಾಸಿನಲ್ಲಿ ಇದನ್ನೂ ನಾನು ಬೈದು ತಿದ್ದುತ್ತಿದ್ದೆ. ಹಳಗನ್ನಡದ ಕಾಲಂ ತೆಗೆದು ನೋಡಿದರೆ, ಕರ್ಪು ಕಪ್ಪಾಗಿದೆ. ಮರ್ದು ಮದ್ದಾಗಿದೆ. ತುಳುವಿನವರು ಇನ್ನೂ ಮರ್ದ್ ಅನ್ನುತ್ತಾರೆ, ಉದ್ದಿಗೆ ಉರ್ದು ಅನ್ನುತ್ತಾರೆ. ಪೆರ್ಮೆ ಹ ಸೇರಿಸಿಕೊಂಡು ಹೆಮ್ಮೆ ಆಗಿದೆ. ‘ರ್’ ಪಕ್ಕದ ವ್ಯಂಜನದಲ್ಲಿ ಕರಗಿ ಅದನ್ನು ಇಮ್ಮಡಿ ಮಾಡುವುದು ಕನ್ನಡ ಎಷ್ಟೋ ಶತಮಾನದಿಂದ ಮಾಡಿಕೊಂಡು ಬಂದ ಕೆಲಸ. ‘ಹೆಮ್ಮೆ’ಯನ್ನು ನಾವು ವೇದಿಕೆ ಮೇಲೆ ನಿಂತು ಹೇಳುತ್ತೇವೆ. ಅದೇ ದಾರಿಯಲ್ಲಿ ಬಂದ ‘ಬತ್ತೀನಿ’ಗೆ ಹಳ್ಳಿ ಮಾತು ಅನ್ನುತ್ತೇವೆ. ನನಗೆ ಇದು ನಿಜಕ್ಕೂ ನೋವು ಕೊಟ್ಟಿತು. ಕನ್ನಡ ಕಲಿಸುತ್ತ ಕಲಿಸುತ್ತ ಕನ್ನಡ ಮಾಡುತ್ತಿರುವ ಕೆಲಸಕ್ಕೇ ನಾನು ಬೈಯುತ್ತಿದ್ದೆ.

ಆ ಹುಡುಗಿ ಈಗ ಹತ್ತನೇ ಕ್ಲಾಸಿಗೆ ಬಂದಿದ್ದಳು. ಹಳಗನ್ನಡದ ಪಾಠದ ದಿನ ಬೋರ್ಡಿನ ಮೇಲೆ ಬರೆದೆ. ಪಕ್ಕಿ, ಹಕ್ಕಿ, ಅಕ್ಕಿ. ಪಾಲು, ಹಾಲು, ಆಲು. ಎರಡು ವರ್ಷದ ಹಿಂದೆ ಒಬ್ಬರು ಓದುವಾಗ ನಾನು ನಕ್ಕಿದ್ದು ತಪ್ಪು, ಅವರು ಹೇಳಿದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ ಎಂದೆ. ಹೆಸರು ಹೇಳಲಿಲ್ಲ. ಹಾಕಾಶ ಎಂದದ್ದು ಯಾಕೆ ಅಂತಲೂ ವಿವರಿಸಿದೆ. ಮನೆಯಲ್ಲಿ ಕೇಳದ ಒಂದು ‘ಹ’ ಪುಸ್ತಕದಲ್ಲಿ ಇದೆ ಅಂತ ಮಗುವಿಗೆ ಗೊತ್ತು, ಎಲ್ಲಿದೆ ಅಂತ ಕಿವಿ ಹೇಳುವುದಿಲ್ಲ. ತಪ್ಪಾಗದಿರಲಿ ಅಂತ ಇಲ್ಲದ ಕಡೆಯೂ ಹಚ್ಚುತ್ತದೆ. ಅದು ಸರಿ ಮಾಡಲು ಹೊರಟವರು ಮಾಡುವ ತಪ್ಪು.

ಅವಳು ಕೈ ಎತ್ತಿದಳು. ‘ಸಾ, ಹಂಗಾದ್ರೆ ತಿನ್ನೋ ಅಕ್ಕಿ?’

ಅದಕ್ಕೆ ತುಳುವಿನಲ್ಲಿ ಅರಿ, ತಮಿಳಿನಲ್ಲಿ ಅರಿಸಿ ಎಂದೆ. ‘ಅಲ್ಲಿ ಪ ಇಲ್ಲ, ಅದಕ್ಕೇ ಸಾ?’ ಎಂದಳು. ಹೌದು, ಅದಕ್ಕೇ. ಅವತ್ತಿನಿಂದ ನಮ್ಮ ಕ್ಲಾಸಿನಲ್ಲಿ ಇದೇ ಉಪಾಯ. ಬರೆಯುವಾಗ ‘ಹ’ ಹಾಕಬೇಕಾ ಬೇಡವಾ ಅಂತ ಅನುಮಾನ ಬಂದರೆ ಅಚ್ಚಗನ್ನಡ ಪದವನ್ನು ಪಕ್ಕದ ಭಾಷೆಯಲ್ಲಿ ಕೇಳು. ಹಗಲಿಗೆ ಪಗಲ್, ‘ಹ’ ಹಾಕು. ಹುಲ್ಲಿಗೆ ಪುಲ್, ಹಾಕು. ಆನೆಗೆ ಯಾನೈ, ಇಲಿಗೆ ಎಲಿ, ಎಲೆಗೆ ಇಲೈ, ಬೇಡ. ಟಿವಿಯಲ್ಲಿ ತಮಿಳು, ತೆಲುಗು ಸಿನಿಮಾ ನೋಡುವ ಮಕ್ಕಳಿಗೆ ಇದು ಕಷ್ಟವಲ್ಲ. ಬರಹದಲ್ಲಿ ‘ಹ’ ತಪ್ಪಿದರೆ ಈಗಲೂ ಕೆಂಪು ಗೆರೆ ಹಾಕುತ್ತೇನೆ, ಪರೀಕ್ಷೆ ಇದೆಯಲ್ಲ. ಮಾತಿಗೆ ಹಾಕುವುದಿಲ್ಲ.

ಇನ್ನೊಂದು ಆಟವನ್ನೂ ಆಡಿಸುತ್ತೇನೆ. ತುಟಿ ಮೇಲೆ ಬೆರಳಿಟ್ಟುಕೊಂಡು ಅಂಗಡಿ, ಅಂಚು, ಅಂಟು, ಅಂದ, ಅಂಬು ಎಂದು ನಿಧಾನಕ್ಕೆ ಹೇಳಬೇಕು. ಬರೆಯುವುದು ಒಂದೇ ಸೊನ್ನೆ, ಬಾಯಿ ಐದು ಕಡೆ ಮುಚ್ಚುತ್ತದೆ. ಅಂಬು ಬಂದಾಗ ಮಾತ್ರ ತುಟಿ ಮುಚ್ಚಿದ್ದು ಬೆರಳಿಗೆ ಗೊತ್ತಾಗುತ್ತದೆ. ಮುಂದಿನ ‘ಬ’ಕ್ಕೆ ತುಟಿ ಮೊದಲೇ ತಯಾರಾಗಿದೆ. ಟೆನ್ ಪರ್ಸೆಂಟ್ ಅನ್ನುವುದನ್ನು ಅಂಗಡಿಯವರು ‘ಟೆಂಪರ್ಸೆಂಟ್’ ಅನ್ನುವುದೂ ಇದೇ ಕಾರಣಕ್ಕೆ. ಮಕ್ಕಳಿಗೆ ಇದು ಗೊತ್ತಾದ ಗಳಿಗೆಯಲ್ಲಿ ಮುಖ ನೋಡಬೇಕು.

ಆ ವರ್ಷ ಮಕ್ಕಳನ್ನು ಹಲ್ಮಿಡಿಗೆ ಕರೆದುಕೊಂಡು ಹೋದೆ. ಬೇಲೂರು ತಾಲ್ಲೂಕು, ನಮಗೆ ದೂರವಲ್ಲ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನ ಸಿಕ್ಕ ಊರು. ಮೂಲ ಕಲ್ಲು ಈಗ ಅಲ್ಲಿಲ್ಲ, ಊರಲ್ಲಿ ಅದರ ಪ್ರತಿ ನಿಲ್ಲಿಸಿದ್ದಾರೆ. ದಾರಿಯಲ್ಲಿ ಒಬ್ಬರು ತಾತನನ್ನು ಕೇಳಿದೆವು. ‘ಅಲ್ಮಿಡಿಗಾ? ಇಂಗೇ ನೆಟ್ಟಗೆ ಓಗಿ ಸಾ’ ಎಂದರು. ಮಕ್ಕಳು ನನ್ನ ಮುಖ ನೋಡಿದರು. ಯಾರೂ ನಗಲಿಲ್ಲ.

ಸುಮಾರು 450ರ ಆ ಶಾಸನದಲ್ಲಿ ‘ಪಲ್ಮಡಿಉಂ ಮೂೞಿವಳ್ಳಿಉಂ ಕೊಟ್ಟಾರ್’ ಎಂದಿದೆ. ಪಲ್ಮಡಿಯನ್ನೂ ಮೂೞಿವಳ್ಳಿಯನ್ನೂ ಕೊಟ್ಟರು ಅಂತ. ಆ ಪಲ್ಮಡಿಯೇ ಈ ಹಲ್ಮಿಡಿ. ಕಲ್ಲಿನ ಮೇಲೆ ಪ, ಬಸ್ಸಿನ ಬೋರ್ಡಿನ ಮೇಲೆ ಹ, ತಾತನ ಬಾಯಲ್ಲಿ ಅ. ಮೂೞಿವಳ್ಳಿಯ ‘ವಳ್ಳಿ’ ನೋಡಿ ಎಂದೆ. ಪಳ್ಳಿ ಅನ್ನುವುದು ಬಿಡಿಯಾಗಿದ್ದಾಗ ಹಳ್ಳಿ ಆಯಿತು. ತಿರುಚಿರಾಪ್ಪಳ್ಳಿ, ಮದನಪಲ್ಲೆಗಳಲ್ಲಿ ಇನ್ನೂ ಆ ಪ ಇದೆ. ಇಲ್ಲಿ ಎರಡು ಸ್ವರಗಳ ನಡುವೆ ಬಂದು ಆಗಲೇ ವ ಆಗಿದೆ, ಮಳವಳ್ಳಿಯಲ್ಲಿ ಇರುವ ಹಾಗೆ. ಒಬ್ಬ ಹುಡುಗ, ‘ಮೂವತ್ತು ಸಾ, ಮೂವತ್ತು!’ ಎಂದು ಕೂಗಿದ. ಮಗ್ಗಿಯ ನಿಯಮ ಸಾವಿರದೈನೂರು ವರ್ಷದ ಹಳೆಯ ಕಲ್ಲಿನ ಮೇಲೆ ಕಂಡಿತ್ತು ಅವನಿಗೆ.

ಈಗ ಪ್ರತಿ ವರ್ಷ ದಸರಾ ರಜೆಗೆ ಮಕ್ಕಳಿಗೆ ಒಂದೇ ಹೋಂವರ್ಕ್. ಮನೆಯ ಹಿರಿಯರಿಂದ ಒಂದು ಪದ ತರಬೇಕು. ಪದ ಕೇಳಬಾರದು, ಅವರು ಮಾಡುವ ಕೆಲಸದ ಬಗ್ಗೆ ಕೇಳಬೇಕು, ಅವರ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಬೇಕು. ಆ ಹುಡುಗಿ ರಜೆ ಮುಗಿಸಿ ಬಂದವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಅವಳ ಅಜ್ಜಿ ಹೂ ಕೀಳುವ ಕೆಲಸದ ಬಗ್ಗೆ ಹೇಳಿದ್ದರು. ಫೋನಿನಲ್ಲಿ ಹಾಕಿ ತೋರಿಸಿದಳು. ‘ವತ್ತಾರೆಗೇ ಓಗ್ಬೇಕು ಕಣವ್ವ, ವತ್ತಾದ್ರೆ ಬಾಡೋಯ್ತದೆ.’

ನೋಟ್‌ಬುಕ್ ಅವಳ ಕೈಗೆ ಕೊಟ್ಟೆ. ಅವಳು ಕಿಟಕಿ ಹತ್ತಿರ ಕೂತು ಬರೆದಳು. ಹಳಗನ್ನಡದ ಕಾಲಂನಲ್ಲಿ ಪೊೞ್ತು. ತಮಿಳಿನಲ್ಲಿ ಪೊೞುದು. ತುಳುವಿನಲ್ಲಿ ಪೊರ್ತು, ಅದನ್ನು ವಿಜ್ಞಾನದ ಮೇಡಂ ಹತ್ತಿರ ಹೋಗಿ ಕೇಳಿಕೊಂಡು ಬಂದಳು. ಈಗಿನ ಕನ್ನಡದಲ್ಲಿ ಹೊತ್ತು. ಅದರ ಪಕ್ಕ ಚಿಕ್ಕದಾಗಿ ಒತ್ತು. ‘ಹ ಬಿದ್ಮೇಲೆ ಒ ಒಂದೇ ಉಳೀತು, ಅದಕ್ಕೆ ಮುಂದ್ಗಡೆ ವ ಬಂತು, ಅಲ್ವಾ ಸಾ?’ ಎಂದಳು. ವತ್ತು ಬರೆಯಲು ಜಾಗ ಉಳಿದಿರಲಿಲ್ಲ. ಸ್ಕೇಲ್ ತಗೊಂಡು ಬಲಗಡೆ ಅಂಚಿನಲ್ಲಿ ಇನ್ನೊಂದು ಕಾಲಂ ಎಳೆದಳು. ಮೇಲೆ ತಲೆಬರಹ ಏನು ಹಾಕಲಿ ಎಂದು ಕೇಳಿದಳು. ನಿಮ್ಮಜ್ಜಿಯ ಊರಿನ ಹೆಸರು ಹಾಕಮ್ಮ ಎಂದೆ.